ಗಣಕದ ಮರೆವು: ಅಳಿಸಿಹೋದ ಡಿಸ್ಕ್ ವಿಭಾಗದಿಂದ ಕಡತಗಳನ್ನು ಮರಳಿ ಪಡೆಯುವ ಬಗೆ

ಒಂದು ಕಾಲದಲ್ಲಿ ಹೊರನಾಡಿನ ಕನ್ನಡ ಸಂಘಗಳ ದಾಖಲೆಗಳೆಲ್ಲ ಕಬ್ಬಿಣದ ಕಪಾಟಿನಲ್ಲಿರುತ್ತಿದ್ದುವು. ಸದಸ್ಯರ ಪಟ್ಟಿ, ನಡವಳಿ ಪುಸ್ತಕ, ರಾಜ್ಯೋತ್ಸವದ ಛಾಯಾಚಿತ್ರಗಳು, ಸ್ಮರಣ ಸಂಚಿಕೆಯ ಕರಡಚ್ಚುಗಳು, ಇವೆಲ್ಲ ಗೆದ್ದಲಿಗೂ ಮಳೆನೀರಿಗೂ ಹೆದರಬೇಕಾಗಿತ್ತೇ ಹೊರತು ಬೆರಳಿನ ಒಂದು ಒತ್ತಿಗೆ ಹೆದರಬೇಕಾಗಿರಲಿಲ್ಲ. ಇಂದು ಅವೆಲ್ಲವೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಅಡಗಿ ಕುಳಿತಿವೆ. ಮನೆಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಮಗಳ ಮದುವೆಯ ಚಿತ್ರಗಳು, ತೀರಿಕೊಂಡ ಹಿರಿಯರ ಧ್ವನಿಮುದ್ರಣ, ವರ್ಷಗಟ್ಟಲೆ ಕುಳಿತು ಬರೆದ ಪ್ರಬಂಧ, ಆಸ್ಪತ್ರೆಯ ವರದಿಗಳು, ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ.

ಈ ಪೆಟ್ಟಿಗೆಗೆ ಒದಗುವ ವಿಪತ್ತುಗಳು ಹಲವು ಬಗೆಯವು. ಅವುಗಳ ಪೈಕಿ ನೋಡುವುದಕ್ಕೆ ಅತ್ಯಂತ ಭಯಂಕರವಾದದ್ದೂ, ಆದರೆ ಸಕಾಲದಲ್ಲಿ ಸರಿಯಾದ ಉಪಚಾರ ದೊರೆತರೆ ಬಹುಮಟ್ಟಿಗೆ ಗುಣವಾಗತಕ್ಕದ್ದೂ ಆದ ವಿಪತ್ತೆಂದರೆ, ಡಿಸ್ಕಿನ ಒಂದು ವಿಭಾಗವನ್ನು, ಅಂದರೆ ಪಾರ್ಟಿಷನ್ ಎಂದು ಎಲ್ಲರೂ ಕರೆಯುವ ಭಾಗವನ್ನು, ಕೈತಪ್ಪಿನಿಂದ ಅಳಿಸಿಬಿಡುವುದು. ನಿಮಿಷದ ಹಿಂದೆ ಇದ್ದ ಡ್ರೈವ್ ಈಗ ಇಲ್ಲ. ಅದರ ಸ್ಥಳದಲ್ಲಿ ‘ಹಂಚದಿರುವ ಸ್ಥಳ’ ಎಂಬ ಅರ್ಥ ಕೊಡುವ ಎರಡು ಇಂಗ್ಲಿಷ್ ಪದಗಳು ಮಾತ್ರ ಕಾಣುತ್ತವೆ. ಇಂತಹ ಸಮಯದಲ್ಲಿ ರೋಗಕ್ಕಿಂತಲೂ ಗಾಬರಿಯಿಂದ ಮಾಡುವ ಔಷಧೋಪಚಾರವೇ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಈ ಕೆಲಸದಲ್ಲಿ ಪಳಗಿದವರೆಲ್ಲರ ಅನುಭವ.

ವಿಪತ್ತು ಸಾಮಾನ್ಯವಾಗಿ ಸಂಭವಿಸುವುದು ಹೀಗೆ. ನಿಧಾನವಾಗಿರುವ ಹಳೆಯ ಗಣಕಯಂತ್ರಕ್ಕೆ ವಿಂಡೋಸನ್ನು ಹೊಸದಾಗಿ ಸ್ಥಾಪಿಸಲು ಯಾರೋ ಕುಳಿತುಕೊಳ್ಳುತ್ತಾರೆ. ನಿತ್ಯ ಪರಿಚಿತವಾದ ಸಿ, ಡಿ, ಇ ಎಂಬ ಅಕ್ಷರಗಳ ಬದಲಿಗೆ ಸ್ಥಾಪನೆಯ ಪರದೆಯ ಮೇಲೆ ಡ್ರೈವ್ 0, ಡ್ರೈವ್ 1 ಎಂಬ ಸಂಖ್ಯೆಗಳೂ ವಿಭಾಗಗಳ ಗಾತ್ರಗಳೂ ಎದ್ದು ಕಾಣುತ್ತವೆ. ಹೊರಗಿನಿಂದ ಜೋಡಿಸಿದ ಡಿಸ್ಕನ್ನು ಕಳಚಿಡಲು ಮರೆತಿದ್ದರೆ ಅದೂ ಆ ಪಟ್ಟಿಯಲ್ಲಿ ಬಂದು ಕುಳಿತಿರುತ್ತದೆ. ಒಂದು ಟೆರಾಬೈಟ್ ಎಂದು ಕೊಂಡ ಡಿಸ್ಕನ್ನು ಯಂತ್ರವು 931 ಗಿಗಾಬೈಟ್ ಎಂದು ತೋರಿಸುವುದರಿಂದ ಗಾತ್ರವನ್ನು ನೋಡಿ ಗುರುತು ಹಿಡಿಯುವವರೂ ಮೋಸಹೋಗುವುದುಂಟು. ಲೈನಕ್ಸನ್ನು ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸಲು ಹೋಗಿ ‘ಸಂಪೂರ್ಣ ಡಿಸ್ಕನ್ನು ಬಳಸು’ ಎಂಬ ಆಯ್ಕೆಯನ್ನು ಒತ್ತುವುದು ಇನ್ನೊಂದು ಬಗೆ. ಮೂರನೆಯದು, ಎರಡು ವಿಭಾಗಗಳನ್ನು ಕೂಡಿಸಿ ಒಂದು ಮಾಡುವ ಉತ್ಸಾಹ.

ಡಿಸ್ಕಿನೊಳಗಿನ ಜಮೀನು

ಚಿಕಿತ್ಸೆಯನ್ನು ತಿಳಿಯುವ ಮೊದಲು ಅಂಗರಚನೆಯನ್ನು ಸ್ವಲ್ಪ ತಿಳಿಯುವುದು ಅವಶ್ಯ. ಜಗತ್ತಿನ ಮೊತ್ತಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಮಹಾಯಂತ್ರದಲ್ಲಿ ಹಿಡಿಯುತ್ತಿದ್ದುದು ಕೇವಲ 50 ಲಕ್ಷ ಅಕ್ಷರಗಳು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಛಾಯಾಚಿತ್ರಗಳಿಗೆ ಅಷ್ಟು ಸ್ಥಳ ಬೇಕಾಗುತ್ತದೆ. 1983ರಲ್ಲಿ ಅದೇ ಸಂಸ್ಥೆಯ ಪಿಸಿ ಎಕ್ಸ್‌ಟಿ ಎಂಬ ಗಣಕದೊಂದಿಗೆ 10 ಮೆಗಾಬೈಟಿನ ಡಿಸ್ಕ್ ಬಂದಾಗ, ಒಂದೇ ಡಿಸ್ಕನ್ನು ಹಲವು ಭಾಗಗಳಾಗಿ ಹಂಚಿ ಬೇರೆ ಬೇರೆ ಕಾರ್ಯವ್ಯವಸ್ಥೆಗಳಿಗೆ ಕೊಡುವ ಏರ್ಪಾಡೂ ಡಾಸ್ ತಂತ್ರಾಂಶದ ಎರಡನೆಯ ಆವೃತ್ತಿಯೊಂದಿಗೆ ಬಂದಿತು. ಆಗ ಹಾಕಿದ ಆ ಲೆಕ್ಕದ ಪದ್ಧತಿ ಇಂದಿಗೂ ಅನೇಕ ಡಿಸ್ಕುಗಳಲ್ಲಿ ಹಾಗೆಯೇ ಉಳಿದುಕೊಂಡಿದೆ.

ಡಿಸ್ಕಿನ ಮೇಲ್ಮೈಯು ಸೆಕ್ಟರ್ ಎಂಬ ಚಿಕ್ಕ ಚಿಕ್ಕ ಗುಂಟೆಗಳಾಗಿ ಒಡೆದಿರುತ್ತದೆ. ಒಂದು ಸೆಕ್ಟರಿನಲ್ಲಿ 512 ಬೈಟುಗಳು. ಈ ಲೆಕ್ಕದಲ್ಲಿ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಸುಮಾರು 195 ಕೋಟಿ ಸೆಕ್ಟರುಗಳಾಗುತ್ತವೆ. ಹಳೆಯ ಪದ್ಧತಿಯಲ್ಲಿ ಇವೆಲ್ಲವುಗಳ ಹಿಸ್ಸೆಪತ್ರ ಇರುವುದು ಮೊತ್ತಮೊದಲ ಸೆಕ್ಟರಿನಲ್ಲಿ. ಅದರ ಮೊದಲ 446 ಬೈಟುಗಳಲ್ಲಿ ಯಂತ್ರವನ್ನು ಎಬ್ಬಿಸುವ ಸೂಚನೆಗಳೂ, ನಂತರದ 64 ಬೈಟುಗಳಲ್ಲಿ ನಾಲ್ಕು ವಿಭಾಗಗಳ ವಿವರವೂ, ಕೊನೆಯ ಎರಡು ಬೈಟುಗಳಲ್ಲಿ ಒಂದು ಮುದ್ರೆಯೂ ಇರುತ್ತವೆ. ಅಂದರೆ ಒಂದು ವಿಭಾಗಕ್ಕೆ ಮೀಸಲಾದದ್ದು 16 ಬೈಟುಗಳು ಮಾತ್ರ. ವಿಭಾಗ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ, ಯಾವ ಜಾತಿಯದು ಎಂಬಿಷ್ಟೇ ಅದರಲ್ಲಿ ಬರೆದಿರುತ್ತದೆ.

ಹಳ್ಳಿಯಲ್ಲಿ ಜಮೀನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ತಾಲ್ಲೂಕು ಕಚೇರಿಯ ಪಹಣಿಯಲ್ಲಿ ಒಬ್ಬನ ಹಿಸ್ಸೆಯ ಸಾಲನ್ನು ಯಾರೋ ಹೊಡೆದುಹಾಕಿದರು ಎನ್ನೋಣ. ಕಚೇರಿಯ ಲೆಕ್ಕದಲ್ಲಿ ಆ ಹೊಲವೇ ಇಲ್ಲ. ಆದರೆ ಹೊಲದಲ್ಲಿ ಪೈರು ಹಾಗೆಯೇ ನಿಂತಿದೆ, ಬಾಂದುಕಲ್ಲುಗಳು ನೆಟ್ಟಲ್ಲೇ ಇವೆ, ಬಾವಿಯ ನೀರು ಬತ್ತಿಲ್ಲ. ವಿಭಾಗವನ್ನು ಅಳಿಸಿದಾಗ ಆಗುವುದು ಇಷ್ಟೆ. 16 ಬೈಟುಗಳು ಸೊನ್ನೆಯಾಗುತ್ತವೆ, ಅದರಿಂದಾಚೆಗಿನ ಕೋಟಿಗಟ್ಟಲೆ ಸೆಕ್ಟರುಗಳನ್ನು ಯಾರೂ ಮುಟ್ಟಿರುವುದಿಲ್ಲ. ಪೈರು ನಿಜವಾಗಿ ನಾಶವಾಗುವುದು ‘ಖಾಲಿ ಜಾಗ’ ಎಂದು ತಿಳಿದು ಬೇರೊಬ್ಬನು ಬಂದು ಉತ್ತು ಬಿತ್ತಿದಾಗ.

ಈ ಹಳೆಯ ಪದ್ಧತಿಯಲ್ಲಿ ಹಿಸ್ಸೆಪತ್ರಕ್ಕೆ ಎರಡನೆಯ ಪ್ರತಿಯೇ ಇರಲಿಲ್ಲವೆಂಬುದು ದೊಡ್ಡ ಕೊರತೆ. ಸುಮಾರು ಎರಡು ಟೆರಾಬೈಟಿಗಿಂತ ದೊಡ್ಡ ಡಿಸ್ಕುಗಳನ್ನು ಅಳೆಯುವುದಕ್ಕೂ ಅದರ ಅಂಕಿಗಳು ಸಾಲವು. ಆದುದರಿಂದ ಹೊಸ ಯಂತ್ರಗಳಲ್ಲಿ ಜಿಪಿಟಿ ಎಂಬ ಪದ್ಧತಿ ಬಂದಿದೆ. ಇದರಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವುಂಟು, ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆರಂಭದಲ್ಲಿಯೂ ಇನ್ನೊಂದು ಕಟ್ಟಕೊನೆಯಲ್ಲಿಯೂ ಇರುತ್ತದೆ. ಆರಂಭದ ಪ್ರತಿ ಏಟು ತಿಂದು ಕೆಟ್ಟರೆ ಕೊನೆಯ ಪ್ರತಿಯಿಂದ ಅದನ್ನು ಸರಿಪಡಿಸಬಹುದು. ಆದರೆ ಬಳಕೆದಾರನೇ ವಿಭಾಗವನ್ನು ಅಳಿಸಿದಾಗ ಯಂತ್ರವು ವಿಧೇಯತೆಯಿಂದ ಎರಡು ಪ್ರತಿಗಳನ್ನೂ ತಿದ್ದಿಬಿಡುತ್ತದೆ. ಅಪಘಾತಕ್ಕೆ ಇರುವ ರಕ್ಷಣೆ ಅಜಾಗರೂಕತೆಗೆ ಇಲ್ಲ.

ಇನ್ನು ವಿಭಾಗದ ಒಳಗೆ ಮತ್ತೊಂದು ಪ್ರತ್ಯೇಕ ದಫ್ತರವಿರುತ್ತದೆ. ಯಾವ ಕಡತ ಯಾವ ಯಾವ ಸೆಕ್ಟರುಗಳಲ್ಲಿ ಹರಡಿದೆಯೆಂಬ ಲೆಕ್ಕ ಇರುವುದು ಅಲ್ಲಿ. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಮಾಸ್ಟರ್ ಫೈಲ್ ಟೇಬಲ್ ಎಂದು ಹೆಸರು. ಪ್ರತಿಯೊಂದು ಕಡತಕ್ಕೂ ಅದರಲ್ಲಿ ಸಾಧಾರಣವಾಗಿ 1024 ಬೈಟುಗಳ ಒಂದು ಪುಟವಿರುತ್ತದೆ, ಪುಟದ ತಲೆಯ ಮೇಲೆ ‘ಫೈಲ್’ ಎಂಬ ನಾಲ್ಕು ರೋಮನ್ ಅಕ್ಷರಗಳು ಬರೆದಿರುತ್ತವೆ. ನಾಲ್ಕಾರು ಸಾಲಿನ ಪುಟ್ಟ ಟಿಪ್ಪಣಿಯಾದರೆ ಅದಕ್ಕೆ ಬೇರೆ ಸ್ಥಳವನ್ನು ಹುಡುಕದೆ ಆ ಪುಟದೊಳಗೇ ತುಂಬಿಸಿಬಿಡುವುದೂ ಉಂಟು. ಕಳೆದುಹೋದ ಕಡತಗಳನ್ನು ಹೆಸರು, ದಿನಾಂಕ, ಕೋಶಗಳ ಸಮೇತ ಮರಳಿ ಪಡೆಯುವುದು ಸಾಧ್ಯವೋ ಇಲ್ಲವೋ ಎಂಬುದು ಈ ದಫ್ತರ ಉಳಿದಿದೆಯೋ ಇಲ್ಲವೋ ಎಂಬುದನ್ನೇ ಅವಲಂಬಿಸಿದೆ.

ಪ್ರಥಮೋಪಚಾರ

ವಿಭಾಗ ಅಳಿಸಿಹೋಯಿತೆಂದು ತಿಳಿದ ಕ್ಷಣದಲ್ಲಿ ಮಾಡಬೇಕಾದದ್ದು, ಏನನ್ನೂ ಮಾಡದಿರುವುದು. ಮೂಳೆ ಮುರಿದ ರೋಗಿಯನ್ನು ಎಬ್ಬಿಸಿ ನಡೆಸಕೂಡದೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಹೊರಗಿನ ಡಿಸ್ಕಾದರೆ ಕ್ರಮವಾಗಿ ಬಿಡಿಸಿ ಪಕ್ಕಕ್ಕಿಡಬೇಕು. ಯಂತ್ರದೊಳಗಿನ ಡಿಸ್ಕಾದರೆ ಯಂತ್ರವನ್ನು ನಿಲ್ಲಿಸಬೇಕು. ವಿಂಡೋಸ್ ಇರುವ ವಿಭಾಗವು ಬೇರೆಯಾಗಿದ್ದು ಅಳಿಸಿಹೋದದ್ದು ಅದರ ನೆರೆಯದಾಗಿದ್ದರೆ ಭಯ ಸ್ವಲ್ಪ ಕಡಿಮೆ, ಏಕೆಂದರೆ ವಿಂಡೋಸ್ ತನ್ನ ಹೊಲದಲ್ಲಿ ಮಾತ್ರ ಬರೆಯುತ್ತಿರುತ್ತದೆ. ಆದರೆ ಖಾಲಿ ಎಂದು ಕಾಣುವ ಸ್ಥಳದಲ್ಲಿ ಹೊಸ ವಿಭಾಗವನ್ನು ಮಾಡಿ ಫಾರ್ಮ್ಯಾಟ್ ಮಾಡಿದರೆ ಸಂಗತಿ ಬೇರೆ.

ಇಲ್ಲೊಂದು ಸೂಕ್ಷ್ಮವಿದೆ. ‘ಅದೇ ಅಳತೆಯ ವಿಭಾಗವನ್ನು ಪುನಃ ಮಾಡಿ ಶೀಘ್ರ ಫಾರ್ಮ್ಯಾಟ್ ಮಾಡಿದರೆ ಹಳೆಯದೆಲ್ಲ ಬಂದುಬಿಡುತ್ತದೆ’ ಎಂಬ ಸಲಹೆಯನ್ನು ಬಲ್ಲವರಂತೆ ಕಾಣುವ ಅನೇಕರು ಕೊಡುತ್ತಾರೆ. ಇದರ ಮೊದಲರ್ಧ ನಿರಪಾಯಕಾರಿ, ಎರಡನೆಯ ಅರ್ಧ ವಿಷ. ಎನ್‌ಟಿಎಫ್‌ಎಸ್ ತನ್ನ ಹೊಸ ದಫ್ತರವನ್ನು ಸಾಮಾನ್ಯವಾಗಿ ವಿಭಾಗದ ಆರಂಭದಿಂದ ಒಂದೇ ನಿಯತ ದೂರದಲ್ಲಿ ತೆರೆಯುವುದರಿಂದ, ಅದೇ ಅಳತೆಯ ಹೊಸ ವಿಭಾಗದ ದಫ್ತರವು ಹಳೆಯ ದಫ್ತರದ ಮೊದಲ ಪುಟಗಳ ಮೇಲೆಯೇ ಕುಳಿತುಬಿಡುವ ಸಂಭವ ಹೆಚ್ಚು. ಶೀಘ್ರವಲ್ಲದ ಪೂರ್ಣ ಫಾರ್ಮ್ಯಾಟಂತೂ, ವಿಂಡೋಸ್ ವಿಸ್ಟಾದಿಂದ ಈಚೆಗೆ, ವಿಭಾಗದ ಪ್ರತಿಯೊಂದು ಸೆಕ್ಟರಿನಲ್ಲಿಯೂ ಸೊನ್ನೆಯನ್ನು ಬರೆಯುತ್ತದೆ. ಸೊನ್ನೆ ಬರೆದ ಮೇಲೆ ಧನ್ವಂತರಿಯೇ ಬಂದರೂ ಉಪಯೋಗವಿಲ್ಲ.

ಆ ಡಿಸ್ಕನ್ನು ಮತ್ತೆ ಜೋಡಿಸಿದಾಗ ವಿಂಡೋಸ್ ತಾನಾಗಿಯೇ ಮುಂದೆ ಬಂದು ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದೋ, ‘ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕು’ ಎಂದೋ ವಿನಯದಿಂದ ಕೇಳುತ್ತದೆ. ಎರಡಕ್ಕೂ ‘ಬೇಡ’ ಎನ್ನತಕ್ಕದ್ದು. ಚೆಕ್‌ಡಿಸ್ಕ್ ಎಂಬ ದುರಸ್ತಿಯ ಕಾರ್ಯಕ್ರಮವನ್ನೂ ಈ ಹಂತದಲ್ಲಿ ಓಡಿಸಕೂಡದು. ಅದರ ಗುರಿ ದಫ್ತರದ ಲೆಕ್ಕ ತಾಳೆಯಾಗುವಂತೆ ನೋಡಿಕೊಳ್ಳುವುದೇ ಹೊರತು ಕಡತಗಳನ್ನು ಉಳಿಸುವುದಲ್ಲ, ತಾಳೆಯಾಗದ ಪುಟವನ್ನು ಅದು ನಿರ್ದಾಕ್ಷಿಣ್ಯವಾಗಿ ಹರಿದುಹಾಕೀತು. ಕಡತಗಳನ್ನು ಹುಡುಕುವ ತಂತ್ರಾಂಶವನ್ನು ಇಳಿಸಿಕೊಂಡು ಅದೇ ಡಿಸ್ಕಿನಲ್ಲಿ ಸ್ಥಾಪಿಸುವುದು, ಸಿಕ್ಕಿದ ಕಡತಗಳನ್ನು ಅದೇ ಡಿಸ್ಕಿಗೆ ಉಳಿಸುವುದು, ಇವೆರಡೂ ಪೈರಿನ ಮೇಲೆ ಎತ್ತು ಬಿಟ್ಟಂತೆ. ಆದರೂ ಅತಿ ಸಾಮಾನ್ಯವಾದ ತಪ್ಪುಗಳೆಂದರೆ ಇವೇ.

ಒಂದು ಕಹಿ ಸತ್ಯ

ಇದುವರೆಗೆ ಹೇಳಿದ್ದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಸಂಬಂಧಿಸಿದ್ದು. ಈಚಿನ ಗಣಕಗಳಲ್ಲಿರುವ ಎಸ್‌ಎಸ್‌ಡಿ ಎಂಬ ಸಿಲಿಕಾನ್ ಡಿಸ್ಕಿನ ಪ್ರಕೃತಿ ಬೇರೆ. ಅದರಲ್ಲಿ ಬರೆದುದರ ಮೇಲೆಯೇ ನೇರವಾಗಿ ಬರೆಯಲು ಬರುವುದಿಲ್ಲ, ಮೊದಲು ಅಳಿಸಬೇಕು, ಅನಂತರ ಬರೆಯಬೇಕು. ಅಳಿಸುವುದು ನಿಧಾನದ ಕೆಲಸವಾದ್ದರಿಂದ, ‘ಈ ಸ್ಥಳ ಇನ್ನು ಬೇಡ’ ಎಂದು ಕಾರ್ಯವ್ಯವಸ್ಥೆಯು ಡಿಸ್ಕಿಗೆ ಮುಂಚಿತವಾಗಿ ತಿಳಿಸುವ ಟ್ರಿಮ್ ಎಂಬ ಆಜ್ಞೆಯನ್ನು ರೂಪಿಸಿದರು. 2009ರ ವಿಂಡೋಸ್ 7ರಿಂದ ಈಚೆಗೆ ಅದು ತಾನಾಗಿಯೇ ನಡೆಯುತ್ತದೆ. ಆಜ್ಞೆ ತಲುಪಿದ ಮೇಲೆ ಆ ಸ್ಥಳವನ್ನು ಓದಹೊರಟರೆ ಬಹುತೇಕ ಡಿಸ್ಕುಗಳು ಬರಿಯ ಸೊನ್ನೆಗಳನ್ನು ಕೊಡುತ್ತವೆ. ಫಾರ್ಮ್ಯಾಟ್ ಮಾಡಿದರೆ, ಅದು ಶೀಘ್ರ ಫಾರ್ಮ್ಯಾಟೇ ಆಗಿರಲಿ, ಈ ಆಜ್ಞೆ ಇಡೀ ವಿಭಾಗಕ್ಕೆ ಹೋಗುತ್ತದೆ. ಲೈನಕ್ಸಿನಲ್ಲಿ ಹೊಸ ಎಕ್ಸ್‌ಟಿ4 ವ್ಯವಸ್ಥೆಯನ್ನು ರಚಿಸುವಾಗಲೂ ಹಾಗೆಯೇ. ಆದ್ದರಿಂದ ಎಸ್‌ಎಸ್‌ಡಿಯಲ್ಲಿ ವಿಭಾಗವನ್ನು ಅಳಿಸಿದ್ದು ಮಾತ್ರವಾಗಿ, ಮುಂದಿನ ಹೆಜ್ಜೆ ಇಡದಿದ್ದರೆ ಆಸೆಯಿಟ್ಟುಕೊಳ್ಳಬಹುದು. ಫಾರ್ಮ್ಯಾಟ್ ಆಗಿದ್ದರೆ ಹೆಚ್ಚು ಆಸೆ ಬೇಡ. ಇಲ್ಲಿ ತಡಮಾಡುವ ಪ್ರತಿಯೊಂದು ನಿಮಿಷವೂ ವಿದ್ಯುತ್ತಿನಲ್ಲಿರುವ ಡಿಸ್ಕಿಗೆ ಒಳಗಿನ ಕಸಗುಡಿಸುವ ಕೆಲಸವನ್ನು ಮುಂದುವರಿಸಲು ಕೊಟ್ಟ ಅವಕಾಶ.

ಬೀಗ ಹಾಕಿದ ವಿಭಾಗಗಳದು ಇನ್ನೊಂದು ತೊಡಕು. ಬಿಟ್‌ಲಾಕರ್ ಮುಂತಾದ ಗೂಢಲಿಪಿಯ ರಕ್ಷಣೆಯಿದ್ದ ವಿಭಾಗವನ್ನು ಮರಳಿ ಪಡೆದರೂ, 48 ಅಂಕಿಗಳ ಪುನಃಪ್ರಾಪ್ತಿ ಕೀಲಿಯೋ ಗುಪ್ತಪದವೋ ಇಲ್ಲದೆ ಅದು ತೆರೆಯದು. ಕಡತಗಳ ಚೂರುಗಳನ್ನು ಹೆಕ್ಕುವ ಉಪಾಯವೂ ಅಲ್ಲಿ ನಡೆಯದು.

ಮೊದಲು ಪ್ರತಿ, ಆಮೇಲೆ ಪರೀಕ್ಷೆ

ಡಿಸ್ಕು ಕಟಕಟ ಸದ್ದು ಮಾಡುತ್ತಿದ್ದರೆ, ತಿರುಗಲು ತಿಣುಕುತ್ತಿದ್ದರೆ ಮನೆಯಲ್ಲಿ ಯಾವ ಪ್ರಯೋಗವನ್ನೂ ಮಾಡದೆ ತಜ್ಞರಲ್ಲಿಗೆ ಒಯ್ಯಬೇಕು. ತಟ್ಟೆಯ ಮೇಲೆ ಓದುವ ತಲೆಯು ಹಾರುವುದು ಕೆಲವೇ ನ್ಯಾನೊಮೀಟರುಗಳ ಎತ್ತರದಲ್ಲಿ. ಧೂಳಿನ ಒಂದು ಕಣ ಅದಕ್ಕೆ ಬಂಡೆಯಿದ್ದಂತೆ. ಸ್ಕ್ರೂ ಬಿಚ್ಚಿ ಒಳಗೆ ನೋಡುವ ಕುತೂಹಲ ಡಿಸ್ಕಿನ ಪಾಲಿಗೆ ಮರಣವಾದೀತು.

ಡಿಸ್ಕು ಆರೋಗ್ಯವಾಗಿದ್ದು ವಿಭಾಗ ಮಾತ್ರ ಅಳಿಸಿಹೋಗಿದ್ದರೆ ಮೊದಲ ಕೆಲಸ ಅದರ ಸಂಪೂರ್ಣ ಪಡಿಯಚ್ಚನ್ನು ತೆಗೆಯುವುದು. ಕಡತಗಳನ್ನು ನಕಲು ಮಾಡುವುದೆಂದು ಇದರ ಅರ್ಥವಲ್ಲ. ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ, ಖಾಲಿಯಿರಲಿ ತುಂಬಿರಲಿ, ಇದ್ದುದನ್ನು ಇದ್ದಂತೆ ಬೇರೊಂದು ದೊಡ್ಡ ಡಿಸ್ಕಿಗೆ ಇಳಿಸಿಕೊಳ್ಳುವುದು. ಗ್ನೂ ಯೋಜನೆಯ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ಇದಕ್ಕೆ ಹೇಳಿಮಾಡಿಸಿದ್ದು. ಕೆಟ್ಟ ಸೆಕ್ಟರುಗಳು ಎದುರಾದರೆ ಅಲ್ಲಿಯೇ ಹಟ ಹಿಡಿದು ನಿಲ್ಲದೆ, ಚೆನ್ನಾಗಿರುವ ಭಾಗಗಳನ್ನೆಲ್ಲ ಮೊದಲು ತೆಗೆದುಕೊಂಡು, ಎಲ್ಲಿ ಬಿಟ್ಟಿತೆಂಬುದನ್ನು ಬರೆದಿಟ್ಟು, ಆಮೇಲೆ ಕೆಟ್ಟ ಭಾಗಗಳಿಗೆ ಹಿಂದಿರುಗುತ್ತದೆ. ನಡುವೆ ವಿದ್ಯುತ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಸೆಕೆಂಡಿಗೆ 100 ಮೆಗಾಬೈಟಿನ ವೇಗವಿದ್ದರೆ ಒಂದು ಟೆರಾಬೈಟಿಗೆ ಹೆಚ್ಚುಕಡಿಮೆ 2 ಗಂಟೆ 45 ನಿಮಿಷ. ಹಳೆಯ ಯುಎಸ್‌ಬಿ 2 ಕಿಂಡಿಯ ಮೂಲಕವಾದರೆ ಒಂಬತ್ತು ಗಂಟೆಗೂ ಮೀರಬಹುದು. ಈ ತಾಳ್ಮೆಯನ್ನು ಬಹಳ ಜನ ತೋರಿಸುವುದಿಲ್ಲ. ಆದರೆ ಪಡಿಯಚ್ಚು ಕೈಯಲ್ಲಿದ್ದರೆ ಮುಂದೆ ಎಂತಹ ಪ್ರಯೋಗ ವಿಫಲವಾದರೂ ಮೂಲಕ್ಕೆ ಧಕ್ಕೆಯಿಲ್ಲ. ಹೊಸ ಡಿಸ್ಕಿನ ಬೆಲೆ ಒಳಗಿರುವ ವಸ್ತುವಿನ ಬೆಲೆಗಿಂತ ಹೆಚ್ಚೆಂದು ತೋರಿದವರು ಮಾತ್ರ ಈ ಹೆಜ್ಜೆಯನ್ನು ಬಿಡಬಹುದು.

ಬಾಂದುಕಲ್ಲುಗಳ ಶೋಧ

ಪಹಣಿಯ ಸಾಲು ಹೋದರೂ ಹೊಲದ ಬಾಂದುಕಲ್ಲುಗಳು ಉಳಿದಿರುತ್ತವೆ ಎಂದು ಮೇಲೆ ಹೇಳಿತಷ್ಟೆ. ಡಿಸ್ಕಿನಲ್ಲಿ ಈ ಕಲ್ಲುಗಳೆಂದರೆ ಪ್ರತಿಯೊಂದು ವಿಭಾಗದ ಮೊದಲ ಸೆಕ್ಟರು. ಅದನ್ನು ಬೂಟ್ ಸೆಕ್ಟರ್ ಎನ್ನುತ್ತಾರೆ. ವಿಭಾಗದ ಜಾತಿ, ಒಟ್ಟು ಉದ್ದ, ದಫ್ತರ ಎಲ್ಲಿದೆ ಎಂಬ ವಿವರಗಳೆಲ್ಲ ಅದರಲ್ಲಿ ಕೊರೆದಿರುತ್ತವೆ. ಅಳಿಸುವ ಕೆಲವು ಸಲಕರಣೆಗಳು ಈ ಕಲ್ಲನ್ನೂ ಕಿತ್ತುಹಾಕುವುದುಂಟು. ಹಾಗಾದರೂ ಎದೆಗುಂದಬೇಕಾಗಿಲ್ಲ. ಎನ್‌ಟಿಎಫ್‌ಎಸ್ ಅದರ ಇನ್ನೊಂದು ಪ್ರತಿಯನ್ನು ವಿಭಾಗದ ಕೊನೆಯ ಸೆಕ್ಟರಿನಲ್ಲಿಯೂ, ಫ್ಯಾಟ್32 ಸಾಮಾನ್ಯವಾಗಿ ಆರನೆಯ ಸೆಕ್ಟರಿನಲ್ಲಿಯೂ, ಲೈನಕ್ಸಿನ ಎಕ್ಸ್‌ಟಿ4 ತನ್ನ ಮುಖ್ಯ ದಾಖಲೆಯ ಹಲವು ಪ್ರತಿಗಳನ್ನು ವಿಭಾಗದುದ್ದಕ್ಕೂ ಅಲ್ಲಲ್ಲಿಯೂ ಇಟ್ಟಿರುತ್ತವೆ. ರೂಪಿಸಿದವರ ಈ ದೂರದೃಷ್ಟಿಯನ್ನು ಮೆಚ್ಚದೆ ವಿಧಿಯಿಲ್ಲ.

ಇಂತಹ ಕಲ್ಲುಗಳನ್ನು ಡಿಸ್ಕಿನುದ್ದಕ್ಕೂ ಹುಡುಕುವ ಸರ್ವೇದಾರನೆಂದರೆ ಟೆಸ್ಟ್‌ಡಿಸ್ಕ್. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಎಂಬವರು ರಚಿಸಿದ ಈ ತಂತ್ರಾಂಶವು ಸಂಪೂರ್ಣ ಉಚಿತ, ಅದರ ಮೂಲಬರಹವೂ ಮುಕ್ತ. ಚಿತ್ರಗಳ ಥಳಕಿಲ್ಲದ, ಬಾಣದ ಕೀಲಿಗಳಿಂದ ನಡೆಸಬೇಕಾದ ಕಪ್ಪು ಪರದೆಯ ಕಾರ್ಯಕ್ರಮವಾದ್ದರಿಂದ ಹೊಸಬರು ಅಂಜುತ್ತಾರೆ. ಅಂಜುವ ಅಗತ್ಯವಿಲ್ಲ, ಏಕೆಂದರೆ ‘ಬರೆ’ ಎಂಬ ಕೊನೆಯ ಆಜ್ಞೆಯನ್ನು ಕೊಡುವವರೆಗೆ ಅದು ನೋಡುತ್ತದೆಯೇ ಹೊರತು ಡಿಸ್ಕನ್ನು ಮುಟ್ಟುವುದಿಲ್ಲ. ಸಿಸ್ಟಮ್‌ರೆಸ್ಕ್ಯೂ ಎಂಬ ಉಚಿತ ಲೈನಕ್ಸ್ ಸಂಗ್ರಹವನ್ನು ಬೇರೊಂದು ಯಂತ್ರದಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡರೆ ಡಿಡಿರೆಸ್ಕ್ಯೂ, ಟೆಸ್ಟ್‌ಡಿಸ್ಕ್ ಎರಡೂ ಅದರಲ್ಲಿರುತ್ತವೆ. ಪೆಟ್ಟಾದ ಡಿಸ್ಕಿನ ಒಂದಕ್ಷರವನ್ನೂ ಬಳಸದೆ ಆ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಬಹುದು.

ಟೆಸ್ಟ್‌ಡಿಸ್ಕ್ ಮೊದಲು ಶೀಘ್ರ ಶೋಧವನ್ನು ನಡೆಸುತ್ತದೆ. ಇತ್ತೀಚೆಗೆ ಅಳಿಸಿದ ವಿಭಾಗವಾದರೆ ಬಹಳ ಸಲ ಈ ಹಂತದಲ್ಲಿಯೇ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಆಳವಾದ ಶೋಧಕ್ಕೆ ಹೇಳಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿದೀತು. ಇಲ್ಲಿ ಜಾಣತನ ಬೇಕಾಗುವ ಸಂದರ್ಭವೊಂದುಂಟು. ನಾಲ್ಕಾರು ವರ್ಷ ಬಳಸಿದ ಡಿಸ್ಕಿನಲ್ಲಿ ಹಿಂದೆಂದೋ ಮಾಡಿ ಅಳಿಸಿದ ವಿಭಾಗಗಳ ಕಲ್ಲುಗಳೂ ಹೂತುಹೋಗಿರುತ್ತವೆ. ಶೋಧದ ಪಟ್ಟಿಯಲ್ಲಿ ಅವೂ ಮೇಲೇಳುತ್ತವೆ, ಒಂದರ ಮೇಲೊಂದು ಅತಿಕ್ರಮಿಸಿದಂತೆ ಕಾಣುತ್ತವೆ. ಮೂರು ತಲೆಮಾರಿನ ಸರ್ವೇಕಲ್ಲುಗಳು ಒಂದೇ ಹೊಲದಲ್ಲಿ ಸಿಕ್ಕಿದರೆ ಇಂದಿನ ಗಡಿ ಯಾವುದೆಂದು ತಿಳಿಯುವುದು ಹೇಗೆ? ಪ್ರತಿಯೊಂದು ಸಾಲಿನ ಮೇಲೆ ನಿಂತು ರೋಮನ್ ‘ಪಿ’ ಅಕ್ಷರದ ಕೀಲಿಯನ್ನು ಒತ್ತಿದರೆ ಆ ವಿಭಾಗದೊಳಗಿನ ಕಡತಗಳ ಪಟ್ಟಿ ತೆರೆಯುತ್ತದೆ. ಪರಿಚಿತ ಹೆಸರುಗಳು, ಕಳೆದ ತಿಂಗಳ ದಿನಾಂಕಗಳು ಕಂಡರೆ ಅದೇ ಸರಿಯಾದದ್ದು. ಪಟ್ಟಿಯೇ ತೆರೆಯದಿದ್ದರೆ ಅದು ಭೂತಕಾಲದ ಕಲ್ಲು.

ಹೆಸರುಗಳು ಕಂಡ ಸಂತೋಷದಲ್ಲಿ ಕೂಡಲೆ ‘ಬರೆ’ ಎಂದು ಒತ್ತುವುದು ವಿವೇಕವಲ್ಲ. ಅದೇ ಪಟ್ಟಿಯಿಂದ ಮುಖ್ಯ ಕಡತಗಳನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಒಂದೆರಡನ್ನು ತೆರೆದು ನೋಡಿ, ಬಳಿಕ ವಿಭಾಗದ ಪಟ್ಟಿಯನ್ನು ಬರೆಸುವುದು ಕ್ಷೇಮ.

ದಫ್ತರವೂ ಹೋದಾಗ

ಫಾರ್ಮ್ಯಾಟ್ ಆಗಿ, ಅದರ ಮೇಲೆ ಹಲವು ಗಿಗಾಬೈಟು ಹೊಸ ವಿಂಡೋಸನ್ನೂ ತುಂಬಿದ್ದರೆ ದಫ್ತರದ ಪುಟಗಳು ಅಲ್ಲಲ್ಲಿ ಚದುರಿ ಉಳಿದಿರಬಹುದು, ಅಥವಾ ಇಲ್ಲದೆಯೇ ಇರಬಹುದು. ಚದುರಿದ ಪುಟಗಳನ್ನು ತಲೆಬರಹದ ಗುರುತಿನಿಂದ ಹೆಕ್ಕಿ ಜೋಡಿಸುವ ತಂತ್ರಾಂಶಗಳು ಇವೆ. ಪುಟಗಳೇ ಇಲ್ಲವಾದರೆ ಉಳಿಯುವುದು ಒಂದೇ ದಾರಿ. ಕಡತದ ಒಡಲನ್ನು ನೋಡಿಯೇ ಅದನ್ನು ಗುರುತಿಸುವುದು.

ಪ್ರತಿಯೊಂದು ಬಗೆಯ ಕಡತಕ್ಕೂ ಹುಟ್ಟುಮಚ್ಚೆಯೊಂದಿರುತ್ತದೆ. ಪಿಡಿಎಫ್ ಕಡತವು ಶೇಕಡಾ ಚಿಹ್ನೆ ಮತ್ತು ಆ ಮೂರು ಅಕ್ಷರಗಳಿಂದಲೇ ಪ್ರಾರಂಭವಾಗುತ್ತದೆ. ಕ್ಯಾಮರಾದ ಜೆಪೆಗ್ ಚಿತ್ರಕ್ಕೆ ಗೊತ್ತಾದ ಆದಿಯೂ ಗೊತ್ತಾದ ಅಂತ್ಯವೂ ಉಂಟು. ಹೊಸ ವರ್ಡ್ ಮತ್ತು ಎಕ್ಸೆಲ್ ಕಡತಗಳು ನಿಜಕ್ಕೂ ಜಿಪ್ ಕಟ್ಟುಗಳಾದುದರಿಂದ ‘ಪಿಕೆ’ ಎಂದು ಆರಂಭವಾಗುತ್ತವೆ. ಅದು ಜಿಪ್ ಪದ್ಧತಿಯನ್ನು ರೂಪಿಸಿದ ಫಿಲ್ ಕಾಟ್ಜ್‌ನ ಹೆಸರಿನ ಮೊದಲಕ್ಷರಗಳು. ಟೆಸ್ಟ್‌ಡಿಸ್ಕಿನ ಜೊತೆಯಲ್ಲೇ ಬರುವ ಫೋಟೊರೆಕ್, ಹೆಸರಿಗೆ ಚಿತ್ರಗಳದಾದರೂ, ನೂರಾರು ಬಗೆಯ ಕಡತಗಳ ಮಚ್ಚೆಗಳನ್ನು ಬಲ್ಲದು. ಡಿಸ್ಕಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಗುತ್ತ ಮಚ್ಚೆ ಕಂಡಲ್ಲಿ ಕಡತವನ್ನು ಕತ್ತರಿಸಿ ತೆಗೆಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೆಸರುಗಳೂ ಕೋಶಗಳೂ ಮರಳಿ ಬಾರವು. ‘ಎಫ್’ ಎಂಬ ಅಕ್ಷರದ ಮುಂದೆ ಸೆಕ್ಟರಿನ ಸಂಖ್ಯೆಯನ್ನು ಹೊತ್ತ ಸಾವಿರಾರು ಅನಾಮಧೇಯ ಕಡತಗಳು ರಾಶಿ ಬೀಳುತ್ತವೆ. ಛಾಯಾಚಿತ್ರಗಳ ಒಳಗೆ ಕ್ಯಾಮರಾ ಬರೆದ ದಿನಾಂಕವಿರುವುದರಿಂದ ಅವುಗಳನ್ನು ವರ್ಷವಾರು ವಿಂಗಡಿಸಬಹುದು, ಉಳಿದವನ್ನು ಒಂದೊಂದಾಗಿ ತೆರೆದು ನೋಡಬೇಕು. ಒಂದು ಕಡತವು ಡಿಸ್ಕಿನಲ್ಲಿ ತುಂಡುತುಂಡಾಗಿ ಹರಡಿಕೊಂಡಿದ್ದರೆ ಮೊದಲ ತುಂಡು ಸಿಕ್ಕಿ ಉಳಿದವು ತಪ್ಪಿಹೋಗಬಹುದು. ಚಿಕ್ಕ ಚಿತ್ರಗಳು ಸಾಮಾನ್ಯವಾಗಿ ಪಾರಾಗುತ್ತವೆ, ದೊಡ್ಡ ವಿಡಿಯೊಗಳಿಗೆ ಏಟು ಹೆಚ್ಚು.

ಕಡತವು ತುಂಡಾಗದೆ ಅಖಂಡವಾಗಿದ್ದರೆ ಎಷ್ಟು ಪ್ರಯೋಜನವೆಂಬುದಕ್ಕೆ ಲೋಕಪ್ರಸಿದ್ಧವಾದ ಉದಾಹರಣೆಯೊಂದಿದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಗಗನಯಾತ್ರಿಗಳನ್ನು ಬಲಿತೆಗೆದುಕೊಂಡ ಕೊಲಂಬಿಯಾ ನೌಕೆಯ ಅವಶೇಷಗಳಲ್ಲಿ, ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಕುರಿತ ಪ್ರಯೋಗದ ಡಿಸ್ಕೊಂದು ಸುಟ್ಟು ಕರಕಲಾಗಿ ದೊರೆಯಿತು. ಕ್ರೋಲ್ ಆನ್‌ಟ್ರ್ಯಾಕ್ ಎಂಬ ಅಮೆರಿಕದ ಸಂಸ್ಥೆಯ ತಜ್ಞರು ಅದರಿಂದ ಶೇಕಡಾ 99ರಷ್ಟು ಮಾಹಿತಿಯನ್ನು ತೆಗೆದರು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆ ಯಂತ್ರದಲ್ಲಿದ್ದದ್ದು ಹಳೆಯ ಡಾಸ್ ವ್ಯವಸ್ಥೆಯಾದುದರಿಂದ ಮಾಹಿತಿಯು ಚದುರದೆ ಒಂದೇ ಕಡೆ ಸಾಲಾಗಿ ಕುಳಿತಿತ್ತು, ತಟ್ಟೆಯ ಗಾಯಗೊಂಡ ಭಾಗವು ಖಾಲಿಯಾಗಿತ್ತು. ಇದು ಅದೃಷ್ಟದ ಮಾತೂ ಹೌದು.

ಕನ್ನಡದ ಕಡತಗಳ ವಿಶೇಷ

ಹೊರನಾಡ ಸಂಘಗಳು ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕನ್ನಡವು ಡಿಸ್ಕಿನಲ್ಲಿ ಕನ್ನಡವಾಗಿ ಇರುವುದಿಲ್ಲ. ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲೆತ ಸಾಲುಗಳಾಗಿರುತ್ತದೆ, ಅದಕ್ಕೆ ತಕ್ಕ ಫಾಂಟನ್ನು ತೊಡಿಸಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಮರಳಿ ಬಂದ ಇಂತಹ ಕಡತವನ್ನು ಹೊಸ ಯಂತ್ರದಲ್ಲಿ ತೆರೆದವರು ‘ಕೆಟ್ಟುಹೋಗಿದೆ’ ಎಂದು ಭಾವಿಸಿ ಕಸದ ಬುಟ್ಟಿಗೆ ಹಾಕಿಬಿಡುವ ಸಂಭವವುಂಟು. ಉಳಿದು ಬಂದದ್ದನ್ನು ಕೈಯಾರೆ ಕೊಂದಂತಾಗುತ್ತದೆ. ಅಂತಹ ಕಡತಕ್ಕೆ ಹಳೆಯ ಫಾಂಟನ್ನು ತೊಡಿಸಿ ನೋಡಬೇಕು, ಅಥವಾ ಹಳೆಯ ಬರಹವನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕದಿಂದ ಹಾಯಿಸಿ ನೋಡಬೇಕು. ಹಿಂದಿನ ಸ್ಮರಣ ಸಂಚಿಕೆಗಳ ಪೇಜ್‌ಮೇಕರ್ ಕಡತಗಳಿಗೂ ಈ ಮಾತು ಸಲ್ಲುತ್ತದೆ. ಪೇಜ್‌ಮೇಕರಿನ ಬೆಳವಣಿಗೆ ನಿಂತು ವರ್ಷಗಳೇ ಕಳೆದಿರುವುದರಿಂದ ಅವುಗಳ ಪಿಡಿಎಫ್ ಪ್ರತಿಯನ್ನೂ ಫಾಂಟುಗಳನ್ನೂ ಜೊತೆಯಲ್ಲಿಟ್ಟುಕೊಳ್ಳುವುದು ಲೇಸು.

ಯುನಿಕೋಡಿನಲ್ಲಿ ಬರೆದ ಬರಿಯ ಪಠ್ಯವಾದರೆ ಬೇರೊಂದು ಅನುಕೂಲವಿದೆ. ಸಾಮಾನ್ಯ ಪಠ್ಯಕ್ಕೆ ಹುಟ್ಟುಮಚ್ಚೆಯಿಲ್ಲ, ನಿಜ. ಆದರೆ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟು ಬೇಕು, ಅವುಗಳಲ್ಲಿ ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಈ ಜೋಡಿ ಸಾಲುಸಾಲಾಗಿ ಬರುವ ಸ್ಥಳವನ್ನು ಪಡಿಯಚ್ಚಿನಲ್ಲಿ ಹುಡುಕಿದರೆ, ಹೆಸರಿಲ್ಲದ ಕನ್ನಡ ಬರಹವನ್ನೂ ಕತ್ತಲೆಯಲ್ಲಿ ದೀಪ ಹಿಡಿದಂತೆ ಪತ್ತೆಹಚ್ಚಬಹುದು.

ತಜ್ಞರಲ್ಲಿಗೆ ಹೋಗುವಾಗ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ ಮುಂತಾದ ಕಡೆಗಳಲ್ಲಿ ಗಣಕದ ಅಂಗಡಿಗಳು ಸಾಲಾಗಿವೆ. ಎಲ್ಲರ ಕೈಗುಣವೂ ಒಂದೇ ತೆರನಲ್ಲ. ಡಿಸ್ಕನ್ನು ಕೊಡುವ ಮೊದಲು ‘ಪಡಿಯಚ್ಚು ತೆಗೆದು ಅದರ ಮೇಲೆ ಕೆಲಸ ಮಾಡುವಿರಾ?’ ಎಂದು ಕೇಳಬೇಕು. ‘ಅದೆಲ್ಲ ಏಕೆ ಸ್ವಾಮಿ, ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇವೆ’ ಎಂಬ ಉತ್ತರ ಬಂದರೆ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಮುಂದಿನ ಅಂಗಡಿಗೆ ನಡೆಯುವುದು ಮೇಲು. ಶುಲ್ಕವು ಕಡತಗಳ ಪಟ್ಟಿಯನ್ನು ನೋಡಿದ ಮೇಲೆ ಕೊಡತಕ್ಕದ್ದೋ, ಫಲ ಸಿಗದಿದ್ದರೂ ಕೊಡತಕ್ಕದ್ದೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಸಂಘದ ಡಿಸ್ಕಿನಲ್ಲಿ ಸದಸ್ಯರ ಆಧಾರ್, ಪ್ಯಾನ್, ಬ್ಯಾಂಕ್ ವಿವರಗಳಿರುವುದು ಸಾಮಾನ್ಯವಾದ್ದರಿಂದ, ಕೆಲಸ ಮುಗಿದ ನಂತರ ಅಂಗಡಿಯಲ್ಲುಳಿದ ಪ್ರತಿಯನ್ನು ಅಳಿಸುವ ಬಗ್ಗೆಯೂ ಮೊದಲೇ ಮಾತಾಡಿಕೊಳ್ಳಬೇಕು.

ಮುಂಜಾಗ್ರತೆಯ ವಿಷಯದಲ್ಲಿ ಹೊಸದಾಗಿ ಹೇಳತಕ್ಕದ್ದು ಹೆಚ್ಚಿಲ್ಲ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದು ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಎಂಬ ಸೂತ್ರ ಎಲ್ಲರಿಗೂ ತಿಳಿದದ್ದೇ, ಪಾಲಿಸುವವರು ವಿರಳ. ವಿಂಡೋಸನ್ನು ಮರುಸ್ಥಾಪಿಸುವಾಗ ಬೇಕಾದ ಒಂದು ಡಿಸ್ಕನ್ನುಳಿದು ಬಾಕಿ ಎಲ್ಲವನ್ನೂ ಕೇಬಲ್ ಸಮೇತ ಕಳಚಿಡುವುದು ಐದು ನಿಮಿಷದ ಕೆಲಸ. ವಿಭಾಗಗಳಿಗೆ ‘ಸಂಘದ ದಾಖಲೆ’, ‘ಚಿತ್ರಗಳು’ ಎಂದು ಸ್ಪಷ್ಟವಾದ ಹೆಸರುಗಳನ್ನಿಡುವುದೂ ಉಪಯುಕ್ತ. ಇಷ್ಟು ಮಾಡುವವರು ಇನ್ನೊಂದನ್ನೂ ಮಾಡಬಹುದು. ಪ್ರತಿಯೊಂದು ವಿಭಾಗದ ಆರಂಭದ ಸೆಕ್ಟರಿನ ಸಂಖ್ಯೆ ಮತ್ತು ಉದ್ದವನ್ನು ಒಂದು ಚೀಟಿಯಲ್ಲಿ ಬರೆದು, ಆ ಚೀಟಿಯನ್ನು ಡಿಸ್ಕಿನ ಪೆಟ್ಟಿಗೆಗೆ ಅಂಟಿಸಬೇಕು. ಈಚಿನ ವರ್ಷಗಳಲ್ಲಿ ವಿಭಾಗ ಮಾಡಿದ ಡಿಸ್ಕುಗಳಲ್ಲಿ ಮೊದಲ ವಿಭಾಗದ ಆರಂಭ ಸಾಮಾನ್ಯವಾಗಿ 2048, ಹಳೆಯವುಗಳಲ್ಲಿ 63. ಆ ಎರಡು ಅಂಕಿಗಳು ಕೈಯಲ್ಲಿದ್ದರೆ ಬಾಂದುಕಲ್ಲುಗಳನ್ನು ಹುಡುಕುತ್ತ ಅಲೆಯಬೇಕಾಗಿಲ್ಲ, ಅಳಿಸಿಹೋದ 16 ಬೈಟುಗಳನ್ನು ನೇರವಾಗಿ ಪುನಃ ಬರೆಯಬಹುದು.